ಇಪ್ಪತ್ತನಾಲ್ಕನೆಯ ಕಾಲು

(ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎಸ್.ಪಿ. ರಸ್ತೆಯ ಕಡೆಗೆ ಹೋಗುವ ಓಣಿಯೊಂದರ ಮೊದಲ ಮಹಡಿ. ಕಾರು, ಲಾರಿಗಳ ಇಂಜಿನ್ ನಡೆಸುವ ಕಂಪ್ಯೂಟರು, ಅಂದರೆ ಇಸಿಎಂ, ರಿಪೇರಿ ಮಾಡುವ ಸಣ್ಣ ಕೋಣೆ. ಬೆಂಚಿನ ಒಂದು ತುದಿಯಲ್ಲಿ ಭೂತಗನ್ನಡಿ ದೀಪ, ಇನ್ನೊಂದು ತುದಿಯಲ್ಲಿ ಹಳೆಯ ಡೀಸೆಲ್ ಪಂಪು. ಬೆಳಗಿನ ಹತ್ತೂವರೆ. ಬಂದವನ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಲೋಹದ ಡಬ್ಬಿ.)

— ಅಕ್ಕ, ಇದು ಸತ್ತಿದೆ ಅಂತ ಇಬ್ಬರು ಹೇಳಿದ್ರು. ನೀವೂ ಒಂದ್ಸಲ ನೋಡ್ತೀರಾ?

— ಯಾರು ಹೇಳಿದ್ರು ಅನ್ನೋದು ಬೇಡ. ಏನು ನೋಡಿ ಹೇಳಿದ್ರು?

— ಸ್ಕ್ಯಾನರ್ ಕನೆಕ್ಟ್ ಆಗಲ್ಲ. ಸೆಲ್ಫ್ ಹೊಡೆಯುತ್ತೆ, ಇಂಜಿನ್ ಸ್ಟಾರ್ಟ್ ಆಗಲ್ಲ. ಕೀ ಆನ್ ಮಾಡಿದ್ರೆ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪ್ ಗುಂಯ್ ಅಂತಿತ್ತು, ಅದೂ ಇಲ್ಲ. ಬೇರೆ ಇಸಿಎಂ ತಂದು ಹಾಕಿಸು ಅಂದ್ರು.

— ಅದಕ್ಕೆ ಮುಂಚೆ ಏನಾಯ್ತು?

— ಹನ್ನೊಂದು ದಿನ ಆಯ್ತು, ರಾತ್ರಿ ಫ್ಲ್ಯಾಶ್ ಮಾಡ್ತಿದ್ದೆ. ಇಂಜಿನ್ ಶಕ್ತಿ ಹೆಚ್ಚಿಸೋ ರೀಮ್ಯಾಪ್. 61 ಪರ್ಸೆಂಟಿಗೆ ನಿಂತುಹೋಯ್ತು.

— ಹಾಗೆ ನೇರವಾಗಿ ಹೇಳು. ಎಷ್ಟೋ ಜನ ಅದನ್ನ ಮುಚ್ಚಿಟ್ಟು, 'ರಾತ್ರಿ ಸರಿ ಇತ್ತು, ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ' ಅಂತ ತಂದಿಡ್ತಾರೆ. ನಾನು ಎರಡು ದಿನ ಬೋರ್ಡಿನಲ್ಲಿ ಇಲ್ಲದ ಶಾರ್ಟ್ ಹುಡುಕ್ತೀನಿ. ಕಾರು ಯಾವುದು?

— ಆಕ್ಟೇವಿಯಾ. 2005ರದ್ದು. 1.8 ಟರ್ಬೊ ಪೆಟ್ರೋಲ್.

— ಇಪ್ಪತ್ತು ವಾಲ್ವಿನ ಇಂಜಿನ್ನು. 150 ಎಚ್‌ಪಿ, 210 ನ್ಯೂಟನ್ ಮೀಟರ್. ಒಳ್ಳೆ ಕಾರು. ಟವೆಲ್ ಬಿಚ್ಚು. ಹ್ಞಾಂ, ಬಾಷ್ ಮೋಟ್ರಾನಿಕ್ ಎಂಇ 7.5. ನಂಬರ್ ಓದು.

— 06ಎ 906 032, ಆಮೇಲೆ ಎರಡಕ್ಷರ.

— ಆ ಎರಡಕ್ಷರಾನೂ ನೋಡ್ಬೇಕು. ಒಂದೇ ಇಂಜಿನ್ ಆದ್ರೂ ಗೇರ್‌ಬಾಕ್ಸ್ ಬೇರೆ, ದೇಶ ಬೇರೆ, ಎಮಿಷನ್ ಲೆಕ್ಕ ಬೇರೆ. ಅಕ್ಷರ ಬದಲಾದ್ರೆ ಒಳಗಿನ ಫೈಲೂ ಬದಲಾಗುತ್ತೆ. ನೀನು ಬರೆಯೋಕೆ ಹೋದ ಫೈಲು ಇದೇ ಅಕ್ಷರದ್ದಾ?

— ಅಲ್ಲ... ಒಂದಕ್ಷರ ಬೇರೆ ಇತ್ತು. ನಡೆಯುತ್ತೆ ಅಂದಿದ್ರು.

— ಆಮೇಲೆ ಮಾತಾಡೋಣ. ಮೊದಲು ಹೇಳು, ಒರಿಜಿನಲ್ ಓದಿ ಇಟ್ಕೊಂಡಿದೀಯಾ?

— ಇಟ್ಕೊಂಡಿದೀನಿ. ಪೆನ್‌ಡ್ರೈವಲ್ಲಿದೆ. ಸರಿಯಾಗಿ ಒಂದು ಎಂಬಿ.

— ಹಾಗಾದ್ರೆ ಕೂತ್ಕೊ. ಸ್ಟೂಲ್ ಎಳ್ಕೊ. ಇದು ಸತ್ತಿಲ್ಲ ಅನ್ಸುತ್ತೆ, ಆದ್ರೆ ಅನಿಸಿದ್ದನ್ನ ನಂಬಬಾರ್ದು. ಕರೆಂಟು ಕೊಟ್ಟು ನೋಡೋಣ.

— ಮುಚ್ಚಳ ತೆಗೆಯಲ್ವಾ?

— ಬೇಡದೆ ಯಾಕೆ ತೆಗೀಬೇಕು? ಈ ಪ್ಲಗ್ಗಿನಲ್ಲಿ 121 ಪಿನ್ನಿದೆ. ಅದರಲ್ಲಿ ನಮಗೆ ಬೇಕಾದ್ದು ಆರು. 3, 21, 62ಕ್ಕೆ ಹನ್ನೆರಡು ವೋಲ್ಟು. 1, 2ಕ್ಕೆ ಅರ್ತು. 43 ಮಾತಾಡೋ ತಂತಿ, ಕೆ ಲೈನು. ಸಪ್ಲೈನ ಮೀಟರ್ ನೋಡ್ತಿರು. ಮುಳ್ಳು ಒಂದೇ ಸಲ ಮೇಲಕ್ಕೆ ಹಾರಿದ್ರೆ ಒಳಗೆ ಏನೋ ಸುಟ್ಟಿದೆ. ಸ್ವಲ್ಪವೂ ಅಲ್ಲಾಡದಿದ್ರೆ ಸಪ್ಲೈ ದಾರೀನೇ ಕಡಿದಿದೆ.

— ಕಾಲು ಆಂಪಿಯರಿನ ಹತ್ತಿರ ನಿಂತಿದೆ.

— ಉಸಿರಾಡ್ತಿದೆ. ಈಗ ಕೆ ಲೈನಲ್ಲಿ ಕೂಗಿ ನೋಡ್ತೀನಿ... ಉತ್ತರ ಇಲ್ಲ. ಇನ್ನೊಂದ್ಸಲ... ಇಲ್ಲ. ಅವರಿಬ್ಬರೂ ಇಲ್ಲೀವರೆಗೆ ಬಂದು ವಾಪಸ್ ಹೋಗಿದಾರೆ. ತಪ್ಪು ನೋಡಿಲ್ಲ ಅವರು, ಬೇಗ ನಿಲ್ಲಿಸಿದಾರೆ ಅಷ್ಟೆ.

— ಕರೆಂಟು ತಗೊಳ್ಳುತ್ತೆ, ಮಾತಾಡಲ್ಲ. ಅಂದ್ರೆ ಏನರ್ಥ ಅಕ್ಕ?

— ಪ್ರೊಸೆಸರು ಎದ್ದಿದೆ, ಓದೋಕೆ ಪಾಠ ಇಲ್ಲ. ನೀನು ಸುಣ್ಣ ಬಳಿದು, ಬರೆಯೋದನ್ನ ಅರ್ಧಕ್ಕೆ ಬಿಟ್ಟಿದೀಯ.

— ಸುಣ್ಣ?

— ಫ್ಲ್ಯಾಶ್ ಚಿಪ್ಪು ಕಾಗದದ ಹಾಗಲ್ಲ ಕಣಪ್ಪ. ಅಳಿಸಿದ ಚಿಪ್ಪಿನಲ್ಲಿ ಒಂದೊಂದು ಬಿಟ್ಟೂ '1' ಆಗಿ ನಿಂತಿರುತ್ತೆ. ಬರೆಯೋದು ಅಂದ್ರೆ ಬೇಕಾದ ಕಡೆ 1 ಇದ್ದಿದ್ದನ್ನ 0 ಮಾಡೋದು. ಅದಷ್ಟೇ ಅದಕ್ಕೆ ಬರೋದು. 0 ಇದ್ದಿದ್ದನ್ನ ಮತ್ತೆ 1 ಮಾಡ್ಬೇಕು ಅಂದ್ರೆ ಒಂದಕ್ಷರ ಒರೆಸೋಕಾಗಲ್ಲ, ಇಡೀ ಗೋಡೆಗೆ ಸುಣ್ಣ ಹೊಡೀಬೇಕು. ನಿನ್ನ ಚಿಪ್ಪು 29ಎಫ್800. ಹತ್ತೊಂಬತ್ತು ಗೋಡೆ. ಹದಿನೈದು ದೊಡ್ಡವು, 64 ಕೆಬಿ ಒಂದೊಂದು. ಉಳಿದ ನಾಲ್ಕು ಸಣ್ಣವು: ಒಂದು 16, ಎರಡು ಎಂಟೆಂಟು, ಒಂದು 32. ಕೂಡಿಸಿದ್ರೆ 1024. ಅದೇ ನಿನ್ನ ಒಂದು ಎಂಬಿ. ನಿನಗೆ ಟರ್ಬೊ ಬೂಸ್ಟಿನ ನಾಲ್ಕು ಟೇಬಲ್ ಬದಲಾಯಿಸೋದು ಮಾತ್ರ ಬೇಕಿತ್ತು. ಆದ್ರೆ ಆ ಸಾಫ್ಟ್‌ವೇರು ಎಲ್ಲಾ ಗೋಡೆಗೂ ಸುಣ್ಣ ಹೊಡೆದು ಮೊದಲಿಂದ ಬರೆಯೋಕೆ ಶುರು ಮಾಡ್ತು.

— ಹಾಗಾದ್ರೆ ನಿಂತಾಗ ಇನ್ನೂ 39 ಪರ್ಸೆಂಟು...

— ಬರೀ ಸುಣ್ಣ. ಸ್ಕ್ಯಾನರಿಗೆ ಉತ್ತರ ಕೊಡೋ ಪ್ರೋಗ್ರಾಮೂ ಅದೇ ಗೋಡೆಯ ಮೇಲೇ ಇದ್ದಿದ್ದು. ಅದು ಇಲ್ಲದ ಮೇಲೆ ಹೊರಗಿನಿಂದ ಎಷ್ಟು ಕೂಗಿದ್ರೂ ಓಗೊಡೋರು ಯಾರು?

— ನನ್ನ ಕೇಬಲ್ಲೇ ಸರಿ ಇರ್ಲಿಲ್ಲ ಅಕ್ಕ. ನಕಲಿ ಕೇಬಲ್ಲು. ಅದರದ್ದೇ ತಪ್ಪು.

— ಇರಬಹುದು. ರಾತ್ರಿ ಎಲ್ಲಿ ಮಾಡ್ತಿದ್ದೆ?

— ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ.

— ಚಾರ್ಜರ್ ಹಾಕಿದ್ಯಾ ಬ್ಯಾಟರಿಗೆ?

— ಇಲ್ಲ. ಶುರು ಮಾಡೋವಾಗ 12.3 ತೋರಿಸ್ತಿತ್ತು. ಸಾಕು ಅನ್ಕೊಂಡೆ.

— ಪೂರ್ತಿ ಚಾರ್ಜ್ ಇದ್ರೆ 12.6ರ ಮೇಲಿರ್ಬೇಕು. 12.3 ಅಂದ್ರೆ ಆಗಲೇ ಹೆಚ್ಚುಕಡಿಮೆ ಅರ್ಧ ಖಾಲಿ. ಕೀ ಎಷ್ಟು ಹೊತ್ತು ಆನ್ ಇತ್ತು?

— ಮೊದಲು ಓದಿದೆ, ಆಮೇಲೆ ಫೈಲ್ ಸರಿ ಇದೆಯಾ ಅಂತ ನೋಡಿದೆ... ಮುಕ್ಕಾಲು ಗಂಟೆ.

— ಬಾಗಿಲು ತೆಗೆದಿತ್ತು, ಒಳಗಿನ ದೀಪ ಉರೀತಿತ್ತು. ಅಲ್ವಾ? ಸ್ಟೀರಿಯೊ ಕಂಪನಿಯದ್ದಾ?

— ಇಲ್ಲ, ಟಚ್‌ಸ್ಕ್ರೀನ್ ಹಾಕಿಸಿದೀನಿ. ಸ್ಟೀರಿಯೊಗೂ ಇದಕ್ಕೂ ಏನು ಸಂಬಂಧ?

— ಆ ಕಾಲದ ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ರೇಡಿಯೊ ಪ್ಲಗ್ಗಿಗೂ ಇದೇ ಕೆ ಲೈನ್ ಹೋಗುತ್ತೆ, ಅವರ ರೇಡಿಯೊ ಕೂಡ ಸ್ಕ್ಯಾನರ್ ಹತ್ತಿರ ಮಾತಾಡ್ಲಿ ಅಂತ. ಹೊರಗಿನ ಸ್ಟೀರಿಯೊ ಹಾಕೋರು ಆ ಪಿನ್ನನ್ನ ನೋಡದೆ ಕೂರಿಸಿಬಿಡ್ತಾರೆ. ಆಗ ಕೆ ಲೈನಿನ ಮೇಲೆ ಬೇಡದ ವೋಲ್ಟೇಜ್ ಬಂದು ಕೂರಬಹುದು. ಎಷ್ಟೋ ಸಲ ಸ್ಟೀರಿಯೊ ಪ್ಲಗ್ ಕಿತ್ತ ತಕ್ಷಣ ಸ್ಕ್ಯಾನರ್ ಮಾತಾಡಿದ್ದನ್ನ ನೋಡಿದೀನಿ. ಲ್ಯಾಪ್‌ಟಾಪು ಚಾರ್ಜಿಗೆ ಹಾಕಿತ್ತಾ?

— ಬೇಸ್‌ಮೆಂಟಲ್ಲಿ ಪ್ಲಗ್ ಪಾಯಿಂಟ್ ಇಲ್ಲ.

— ಅದು ಬ್ಯಾಟರಿ ಉಳಿಸೋಕೆ ಯುಎಸ್‌ಬಿಯನ್ನ ಮಲಗಿಸಿರಬಹುದು.

— ಹಾಗಾದ್ರೆ ಯಾವುದು ಅಕ್ಕ? ಬ್ಯಾಟರಿಯಾ, ಸ್ಟೀರಿಯೊನಾ, ಲ್ಯಾಪ್‌ಟಾಪಾ, ಕೇಬಲ್ಲಾ?

— ಗೊತ್ತಿಲ್ಲ ತಮ್ಮ. ನಿನಗೆ ಒಬ್ಬ ಕಳ್ಳ ಸಿಕ್ಕಿದ್ರೆ ಸಮಾಧಾನ ಆಗ್ತಿತ್ತು, ನನಗೆ ಅರ್ಥ ಆಗುತ್ತೆ. ಆದ್ರೆ ನಾಲ್ಕೂ ಬಾಗಿಲು ತೆರೆದಿದ್ವು. ಲೆಕ್ಕ ಹಾಕಿ ನೋಡು. ಕೆ ಲೈನಿನ ಮಾಮೂಲಿ ವೇಗ ಸೆಕೆಂಡಿಗೆ 10,400 ಬಿಟ್ಟು. ಒಂದು ಬೈಟಿಗೆ ಹತ್ತು ಬಿಟ್ಟು ಹಿಡಿದ್ರೆ ಸೆಕೆಂಡಿಗೆ ಸಾವಿರ ಚಿಲ್ಲರೆ ಬೈಟು. ಒಂದು ಎಂಬಿಗೆ ಹದಿನೇಳು ನಿಮಿಷ. ಬರೆಯೋವಾಗ ವೇಗ ಹೆಚ್ಚಿಸ್ತಾರೆ, ಆದ್ರೂ ಅಷ್ಟು ನಿಮಿಷ ಈ ನಾಲ್ಕರಲ್ಲಿ ಯಾವುದೂ ಒಂದು ಚಣವೂ ಕೈ ಕೊಡಬಾರ್ದು. ಅದಕ್ಕೇ ಬ್ಯಾಟರಿಗೆ ವೋಲ್ಟೇಜು ಅಲ್ಲಾಡದ ಸಪ್ಲೈ ಹಾಕಿ, ಹದಿಮೂರೂವರೆಗೆ ನಿಲ್ಲಿಸಿ, ಆಮೇಲೆ ಕೈ ಹಾಕೋದು. ಈಚಿನ ಎಷ್ಟೋ ಕಾರುಗಳಲ್ಲಿ ಇನ್ನೂ ಒಂದಿದೆ: ಇಸಿಎಂ ಮಾತು ನಿಲ್ಲಿಸಿದ ತಕ್ಷಣ ರೇಡಿಯೇಟರ್ ಫ್ಯಾನು, ಇಂಜಿನ್ ಕಾದೀತು ಅಂತ, ತಾನಾಗೇ ಪೂರ್ತಿ ಜೋರಿಗೆ ತಿರುಗೋಕೆ ಶುರು ಮಾಡುತ್ತೆ. ಬರೆಯೋ ಹೊತ್ತಿಗೇ ಬ್ಯಾಟರಿ ಹೀರಿಬಿಡುತ್ತೆ. ಆ ಹಾಟ್ ಏರ್ ಗನ್ ಕೊಡು. ಮುಚ್ಚಳದ ಸುತ್ತ ಅಂಟು ಹಾಕಿರ್ತಾರೆ, ಬಿಸಿ ತಾಗಿದ್ರೆ ಮೆತ್ತಗಾಗುತ್ತೆ.

— ಎಲೆ ಚೂರು ಇದೆಯಲ್ಲ ಅಂಚಿನಲ್ಲಿ.

— ಈ ಕಾರಲ್ಲಿ ಇಸಿಎಂ ಇರೋದು ವೈಪರ್ ಕೆಳಗಿನ ತೊಟ್ಟಿಯಲ್ಲಿ. ಮರದಡಿ ನಿಲ್ಲಿಸಿದ್ರೆ ಎಲೆ ಬಿದ್ದು ನೀರು ಇಳಿಯೋ ತೂತು ಕಟ್ಟುತ್ತೆ. ಮಳೆಗಾಲದಲ್ಲಿ ತೊಟ್ಟಿ ತುಂಬಿ ಡಬ್ಬಿ ಈಜಾಡುತ್ತೆ. ವಾಪಸ್ ಕೂರಿಸೋ ಮುಂಚೆ ಆ ತೂತು ಬಿಡಿಸು. ನಾನು ಅಂಟು ಹೊಸದಾಗಿ ಹಾಕಿಕೊಡ್ತೀನಿ, ಹಳೇದರ ಮೇಲೇ ಒತ್ತಿದ್ರೆ ನಿಲ್ಲಲ್ಲ... ಹ್ಞಾಂ, ಬಂತು. ನೋಡು. ಬೋರ್ಡು ಚೊಕ್ಕಟವಾಗಿದೆ. ಒಂದು ಕಲೆಯೂ ಇಲ್ಲ.

— ಯಾವುದು ಅದು?

— ಆ ಚೌಕದ್ದು ಪ್ರೊಸೆಸರು, ಸಿ167 ಜಾತಿಯದ್ದು. ಪಕ್ಕದಲ್ಲಿ ಉದ್ದುದ್ದ ಇರೋದು ನಿನ್ನ ಫ್ಲ್ಯಾಶ್ ಚಿಪ್ಪು. 44 ಕಾಲು. ಒಂದೊಂದು ಕಡೆ 22. ಚುಕ್ಕಿ ಇರೋ ಮೂಲೆಯಿಂದ ಎಣಿಸ್ಬೇಕು. ಈ ಸಾಲು ಕೆಳಗಿಳಿದು 22ಕ್ಕೆ ಮುಗೀತು. ಎದುರು ಸಾಲಿನಲ್ಲಿ ಕೆಳಗಿಂದ ಶುರು: 23, 24. ನನಗೆ ಬೇಕಾದ್ದು ಈ 24.

— ಏನಿದೆ ಅದರಲ್ಲಿ?

— ಬೇರೆ ಯಾವ ದಾರೀನೂ ಇಲ್ಲದಾಗ ಒಳಗೆ ಹೋಗೋ ಬಾಗಿಲು. ಹೇಳ್ತೀನಿ ಕೇಳು. ಪ್ರೊಸೆಸರ್ ಪ್ರತಿ ಸಲ ಕರೆಂಟ್ ಬಂದಾಗ, ಮೊದಲ ಕೆಲಸವಾಗಿ, ತನ್ನ ಕೆಲವು ತಂತಿಗಳು ಮೇಲಿದಾವಾ ಕೆಳಗಿದಾವಾ ಅಂತ ನೋಡ್ಕೊಳ್ಳುತ್ತೆ. ನಾನು ಹೇಗೆ ಏಳಬೇಕು ಅಂತ ಕೇಳೋ ಹಾಗೆ. ಸೊನ್ನೆಯಿಂದ ಎಣಿಸಿದ್ರೆ ನಾಲ್ಕನೇ ಡೇಟಾ ತಂತಿ ಆ ಹೊತ್ತಿನಲ್ಲಿ ಅರ್ತಿಗೆ ಎಳೆದಿದ್ರೆ, ಅದು ಫ್ಲ್ಯಾಶ್ ಕಡೆ ನೋಡೋದೇ ಇಲ್ಲ. ತನ್ನ ಹೊಟ್ಟೆಯೊಳಗೇ ಕೊರೆದಿಟ್ಟ ಒಂದು ಪುಟ್ಟ ಪ್ರೋಗ್ರಾಮ್ ಇದೆ, ಅದನ್ನ ಶುರು ಮಾಡುತ್ತೆ. ಆ ಪ್ರೋಗ್ರಾಮ್ ಚಿಪ್ ಫ್ಯಾಕ್ಟರಿಯಲ್ಲಿ ಅಚ್ಚಾಗಿದ್ದು. ಅದನ್ನ ನೀನೂ ಅಳಿಸೋಕಾಗಲ್ಲ, ನಾನೂ ಅಳಿಸೋಕಾಗಲ್ಲ, ಬಾಷ್‌ನವರೂ ಅಳಿಸೋಕಾಗಲ್ಲ. ಆ ನಾಲ್ಕನೇ ತಂತಿ ಫ್ಲ್ಯಾಶ್ ಚಿಪ್ಪಿನ 24ನೇ ಕಾಲಿಗೂ ಬಂದು ಸೇರುತ್ತೆ. ಅದಕ್ಕೇ ಅರ್ತಿಗೆ ಕಟ್ಟಿದ ಸೂಜಿಯಿಂದ ಅಲ್ಲಿ ಮುಟ್ಟೋದು.

— ಅಂದ್ರೆ 61 ಪರ್ಸೆಂಟಿಗೆ ನಿಂತಾಗಲೂ ಅದು ಒಳಗೆ ಇದ್ದೇ ಇತ್ತು.

— ಇದ್ದೇ ಇತ್ತು. ಇಟ್ಟಿಗೆ ಆಯ್ತು ಅಂತಾರಲ್ಲ, ಆ ಮಾತು ಕೇಳಿದ್ರೆ ನನಗೆ ಸಂಕಟ ಆಗುತ್ತೆ. ಈ ಬೋರ್ಡಿನಲ್ಲಿ ಒಂದು ರೆಸಿಸ್ಟರ್ ಕೂಡ ಕೆಟ್ಟಿಲ್ಲ. ಬರಹ ಹೋಗಿದೆ, ಅಷ್ಟೆ. ಈಗ ಕೈ ಅಲ್ಲಾಡಿಸಬೇಡ, ಬೆಂಚು ಅಲ್ಲಾಡುತ್ತೆ. ಪಕ್ಕದ 23ನೇ ಕಾಲು ಐದು ವೋಲ್ಟಿನ ಸಪ್ಲೈ. ಸೂಜಿ ಜಾರಿ ಅದಕ್ಕೂ ತಾಗಿದ್ರೆ ಐದು ವೋಲ್ಟನ್ನ ನೇರ ಅರ್ತಿಗೆ ಹಾಕಿದ ಹಾಗೆ. ಅದಕ್ಕೇ ಸೂಜಿಯ ತಂತಿಯಲ್ಲಿ ಒಂದು ರೆಸಿಸ್ಟರ್ ಇಟ್ಟಿದೀನಿ. ಇಷ್ಟು ದಿನ ಬದುಕಿದ್ದ ಬೋರ್ಡುಗಳು ನಿಜವಾಗಿ ಸಾಯೋದು ಈ ಹೆಜ್ಜೆಯಲ್ಲಿ, ಫ್ಲ್ಯಾಶ್ ಮಾಡೋವಾಗ ಅಲ್ಲ. ನಾನು ಹೂಂ ಅಂದಾಗ ಸಪ್ಲೈ ಆನ್ ಮಾಡು.

— ನಾನಾ?

— ನನಗೆ ಎರಡೇ ಕೈ ಇರೋದು. ಹೂಂ.

— ಆನ್ ಆಯ್ತು.

— ಒಂದು, ಎರಡು, ಮೂರು. ಸೂಜಿ ತೆಗೆದೆ. ಈಗ ಅದು ಕಿವಿ ತೆರೆದು ಕೂತಿದೆ. ಮೊದಲು ನಾವು ಒಂದೇ ಒಂದು ಬೈಟು ಕಳಿಸ್ಬೇಕು, ಸೊನ್ನೆ. ಅದರಲ್ಲಿ ಮಾತೇನೂ ಇಲ್ಲ. ಅದರ ಉದ್ದ ಅಳೆದು, ಎದುರಿನವರು ಯಾವ ವೇಗದಲ್ಲಿ ಮಾತಾಡ್ತಿದಾರೆ ಅಂತ ಲೆಕ್ಕ ಹಾಕುತ್ತೆ. ಆಮೇಲೆ ತಾನು ಯಾವ ಜಾತಿಯ ಚಿಪ್ಪು ಅಂತ ಒಂದು ಬೈಟಿನಲ್ಲಿ ಹೇಳುತ್ತೆ. ನೋಡು ಪರದೆ.

— ಬಂತು! ಅಕ್ಕ, ಉತ್ತರ ಬಂತು!

— ಬಂತು. ಹನ್ನೊಂದು ದಿನ ಆಯ್ತು ಅಂದ್ಯಲ್ಲ, ಹನ್ನೊಂದು ದಿನದ ಮೇಲೆ ಮೊದಲ ಮಾತು. ಇನ್ನು ಅದು ಸರಿಯಾಗಿ 32 ಬೈಟಿಗೆ ಕಾಯುತ್ತೆ. ಒಂದು ಕಮ್ಮಿ ಇಲ್ಲ, ಒಂದು ಜಾಸ್ತಿ ಇಲ್ಲ. ಬಂದದ್ದನ್ನ ತನ್ನ ರ‍್ಯಾಮಿನ ಗೊತ್ತಾದ ಜಾಗದಲ್ಲಿಟ್ಟು, ಹಿಂದೆ ಮುಂದೆ ನೋಡದೆ ಅದನ್ನೇ ನಡೆಸುತ್ತೆ.

— 32 ಬೈಟಿನಲ್ಲಿ ಏನು ಬರೆಯೋಕಾಗುತ್ತೆ? ಒಂದು ಎಸ್‌ಎಂಎಸ್ ಕೂಡ ಅಲ್ಲ.

— ಇನ್ನೂ ಸ್ವಲ್ಪ ಜಾಸ್ತಿ ಬರುತ್ತೆ, ತಗೋ ಅನ್ನೋಷ್ಟು ಬರೀಬಹುದು. ಆ 32 ಬೈಟಿನ ಪ್ರೋಗ್ರಾಮು ತನಗಿಂತ ದೊಡ್ಡದೊಂದನ್ನ ತಗೊಳ್ಳುತ್ತೆ. ಆ ದೊಡ್ಡದಕ್ಕೆ ಫ್ಲ್ಯಾಶ್ ಚಿಪ್ಪನ್ನ ಓದೋಕೆ, ಅಳಿಸೋಕೆ, ಬರೆಯೋಕೆ ಗೊತ್ತಿರುತ್ತೆ. ಕಾಗುಣಿತ ಮರೆತವರಿಗೆ ಅ ಆ ಇಂದ ಕಲಿಸೋ ಹಾಗೆ. ನನಗೆ ಈ 32 ಬೈಟಿನ ಮೇಲೆ ತುಂಬ ಗೌರವ ತಮ್ಮ. ಇದನ್ನ ಚಿಪ್ಪಿನಲ್ಲಿ ಇಟ್ಟ ಇಂಜಿನಿಯರಿಗೆ ನೀನು ಗೊತ್ತಿಲ್ಲ, ನಿನ್ನ ಕಾರು ಗೊತ್ತಿಲ್ಲ. ಎಲ್ಲೋ ಯಾರೋ ಒಬ್ಬರ ಬರಹ ಅಳಿಸಿಹೋಗುತ್ತೆ ಅನ್ನೋದು ಮಾತ್ರ ಗೊತ್ತಿತ್ತು.

— ಬರೆಯೋಕೆ ಶುರು ಮಾಡೋಣ್ವಾ? ಪೆನ್‌ಡ್ರೈವ್ ಕೊಡ್ಲಾ?

— ತಡಿ. ಮೊದಲು ಓದ್ಬೇಕು.

— ಹಾಳಾಗಿರೋದನ್ನ ಓದಿ ಏನು ಮಾಡ್ತೀರಾ?

— ಹಾಳಾಗಿದ್ರೂ ಅದು ಈ ಕ್ಷಣದ ಸ್ಥಿತಿ. ನಾನೇ ಏನಾದ್ರೂ ತಪ್ಪು ಮಾಡಿದ್ರೆ ಇಲ್ಲಿಗಾದ್ರೂ ವಾಪಸ್ ಬರಬಹುದು. ಆ ಮೂಲೆಯಲ್ಲಿರೋ ಪಂಪ್ ನೋಡಿದ್ಯಾ? ಇದು ನಮ್ಮಪ್ಪನ ಅಂಗಡಿ. ಡೀಸೆಲ್ ಪಂಪ್ ಕ್ಯಾಲಿಬ್ರೇಷನ್. ಆಡುಗೋಡಿಯ ಮೈಕೊ ಕಾರ್ಖಾನೆಯ ಪಂಪುಗಳು. ಪಂಪನ್ನ ಬೆಂಚಿಗೆ ಕಟ್ಟಿ ತಿರುಗಿಸಿ, ಒಂದೊಂದು ಸಿಲಿಂಡರಿನ ಡೀಸೆಲನ್ನ ಒಂದೊಂದು ಗಾಜಿನ ನಳಿಗೆಗೆ ಬಿಟ್ಟು ಅಳೆಯೋರು. ಶಿರಾಡಿ ಘಾಟಿ ಹತ್ತೋಕೆ ಎಳೆತ ಸಾಲಲ್ಲ, ಸ್ಕ್ರೂ ಒಂದು ಸುತ್ತು ಕೊಡಿ ಅಂತ ಲಾರಿಯವರು ಬಂದು ಕೂರೋರು. ಅಪ್ಪ ಸ್ಕ್ರೂ ಮುಟ್ಟೋ ಮುಂಚೆ ಆಗ ಇದ್ದ ಅಳತೆಯನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳೋರು. ಪಂಪು ಕೆಟ್ಟೇ ಬಂದಿದ್ರೂ ಕೆಟ್ಟ ಅಳತೆಯನ್ನೇ ಬರೆಯೋರು. ಗಾಡಿ ನಂಬರು, ತಾರೀಖು, ಆರು ನಳಿಗೆಯ ಆರು ಅಂಕಿ. ಆ ನೋಟ್‌ಬುಕ್ಕುಗಳು ಇನ್ನೂ ಮೇಲಿನ ಅಟ್ಟದಲ್ಲಿವೆ.

— ಸೋಲ್ಡರಿಂಗೂ ಅಪ್ಪನೇ ಕಲಿಸಿದ್ದಾ?

— ಇಲ್ಲ, ಅದು ಅಮ್ಮ. ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿದ್ರು. ಇಡೀ ದಿನ ಟೆಲಿಫೋನ್ ಎಕ್ಸ್‌ಚೇಂಜಿನ ತಂತಿ ಬೆಸೆದು ಬರೋರು... ಓದಿ ಮುಗೀತು. ನೋಡು, ಇಲ್ಲಿಂದ ಸರಾಗವಾಗಿ ಬರ್ತಾ ಇದೆ. ಅಕ್ಷರ, ಅಂಕಿ, ಎಲ್ಲಾ ತುಂಬಿದೆ. ಇನ್ನೂ ಕೆಳಗೆ ಹೋಗು.

— ಎಫ್‌ಎಫ್ ಎಫ್‌ಎಫ್ ಎಫ್‌ಎಫ್... ಇಲ್ಲಿಂದ ಕೊನೇವರೆಗೂ ಅದೇ.

— ಅದೇ ಸುಣ್ಣ. ಈ ಸಾಲಿನಲ್ಲಿ ನಿನ್ನ ಕೇಬಲ್ ನಿಂತಿದ್ದು.

— ಒಂದು ಸಾಲಿನ ಮಧ್ಯದಲ್ಲೇ ನಿಂತಿದೆ ಅಕ್ಕ. ಒಂದೇ ಸಾಲಿನ ಮಧ್ಯದಲ್ಲಿ.

— ಹೂಂ. ಈಗ ಮೇಲೆ ಬಾ, ಇಲ್ಲಿ ನೋಡು. ಹೆಕ್ಸಿನಲ್ಲಿ ಒಂದರ ಮುಂದೆ ನಾಲ್ಕು ಸೊನ್ನೆ, ಆ ವಿಳಾಸದಿಂದ. ಇದು ಟೇಬಲ್ಲುಗಳ ಜಾಗ. ಬೂಸ್ಟು, ಇಗ್ನಿಷನ್ ಟೈಮಿಂಗು, ಪೆಟ್ರೋಲು. ನೀನು ಆಸೆಪಟ್ಟ ಅಂಕಿಗಳೆಲ್ಲ ಚೆನ್ನಾಗಿ ಬರೆದು ಕೂತಿವೆ. ಅವನ್ನ ಓದಬೇಕಾದ ಪ್ರೋಗ್ರಾಮು ಇನ್ನೂ ಮುಂದಿತ್ತು, ಅದು ಬಂದೇ ಇಲ್ಲ.

— ರಾತ್ರಿ ಎಂಟು ಗಂಟೆಗೆ ಶುರು ಮಾಡಿ, ಎರಡು ಗಂಟೆವರೆಗೂ ಬೇಸ್‌ಮೆಂಟಲ್ಲೇ ಕೂತಿದ್ದೆ. ಇದು ಅಪ್ಪ ತಗೊಂಡ ಕಾರು. ಹದಿನೈದು ವರ್ಷ ಆದ್ಮೇಲೆ ಮಾರಿಬಿಡು ಅಂತ ಎಲ್ಲರೂ ಹೇಳಿದ್ರು. ನಾನೇ ಎಫ್‌ಸಿ ಮಾಡಿಸಿ ಆರ್‌ಸಿ ಐದು ವರ್ಷ ಮುಂದುವರಿಸ್ದೆ. ಆ ರಾತ್ರಿ ಅನ್ನಿಸ್ತು, ಯಾರೂ ಮಾಡದ ಹಾಳನ್ನ ನಾನು ಮಾಡಿದೆ ಅಂತ.

— ಹಾಳಾಗಿದ್ರೆ ಹೇಳ್ತಿದ್ದೆ. ಸುಮ್ಮನೆ ಸಮಾಧಾನ ಹೇಳೋ ಅಭ್ಯಾಸ ನನಗಿಲ್ಲ. ಇನ್ನೊಂದು ಓದೋದಿದೆ. ಈ ಎಂಟು ಕಾಲಿನ ಪುಟ್ಟ ಚಿಪ್ಪು ಕಾಣ್ತಾ? 95040. ಇದರೊಳಗೆ ಇರೋದು 512 ಬೈಟು ಮಾತ್ರ. ನಿನ್ನ ಕೀಯನ್ನ ಗುರುತು ಹಿಡಿಯೋ ಲೆಕ್ಕ ಇದರಲ್ಲಿದೆ. ಫ್ಲ್ಯಾಶ್ ಮಾಡೋವಾಗ ಇದನ್ನ ಯಾರೂ ಮುಟ್ಟಿಲ್ಲ, ಪುಣ್ಯ. ಅವರು ಹೇಳಿದ ಹಾಗೆ ಗುಜರಿಯಿಂದ ಬೇರೆ ಇಸಿಎಂ ತಂದು ಹಾಕಿದ್ರೆ, ಅದರಲ್ಲಿ ಬೇರೆ ಕಾರಿನ ಕೀ ಲೆಕ್ಕ ಇರ್ತಿತ್ತು. ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಆಫ್ ಆಗ್ತಿತ್ತು, ಆಗ ಇನ್ನೊಬ್ಬರ ಹತ್ತಿರ ಓಡ್ಬೇಕಿತ್ತು. ಇದನ್ನೂ ಓದಿ ಇಟ್ಕೊಂಡೆ. ಮನೆಗೆ ಹೋದ್ಮೇಲೆ ಎರಡು ಕಡೆ ಕಾಪಿ ಮಾಡಿಡು. ಈಗ ಪೆನ್‌ಡ್ರೈವ್ ಕೊಡು.

— ಅಕ್ಕ, ಒಂದು ಮಾತು. ಹೇಗೂ ಬರೀತಿದೀವಿ. ಆ ರೀಮ್ಯಾಪ್ ಫೈಲೇ ಪೂರ್ತಿ ಬರೆದ್ರೆ?

— ಬರೆಯಲ್ಲ.

— 190 ಎಚ್‌ಪಿ ಬರುತ್ತೆ ಅಂದಿದ್ರು. ಟರ್ಬೊ ತಡೆಯುತ್ತೆ ಅಂತ ಗೊತ್ತಿದೆ.

— ಟರ್ಬೊ ತಡೆಯುತ್ತೆ ಅನ್ನೋದನ್ನ ಒಪ್ತೀನಿ. ಆ ಫೈಲು ಎಲ್ಲಿಯ ಕಾರಿಗೆ ಮಾಡಿದ್ದು?

— ಯುರೋಪಿಂದು. 98 ಆಕ್ಟೇನಿಗೆ.

— ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲು ವರ್ಷಗಟ್ಟಲೆ 91ರ ಲೆಕ್ಕದ್ದಾಗಿತ್ತು, ಈಗಲೂ 98 ಅಲ್ಲ. 98ಕ್ಕೆ ಅಂತ ಮುಂದೆ ತಳ್ಳಿದ ಟೈಮಿಂಗಿಗೆ ಅದಕ್ಕಿಂತ ಕಮ್ಮಿಯದ್ದು ಹಾಕಿದ್ರೆ ಸಿಲಿಂಡರಿನೊಳಗೆ ಬಡಿತ ಶುರು ಆಗುತ್ತೆ. ನಾಕ್ ಸೆನ್ಸರ್ ಅದನ್ನ ಕೇಳಿಸ್ಕೊಂಡು ಟೈಮಿಂಗನ್ನ ಹಿಂದಕ್ಕೆ ಎಳೆಯುತ್ತೆ. ಅದು ಎಳೀತಾನೇ ಇರುತ್ತೆ, ನೀನು ಒತ್ತುತಾನೇ ಇರ್ತೀಯ. ಜೊತೆಗೆ ಒಂದಕ್ಷರ ಬೇರೆಯ ಡಬ್ಬಿಯ ಫೈಲು. ಈ ಇಸಿಎಂಗೆ ನಿನ್ನ ಪೆಡಲ್ ಬರೀ ಥ್ರಾಟಲ್ ಅಲ್ಲ ಕಣಪ್ಪ. ನೀನು ಕಾಲಿಟ್ಟರೆ ಅದು 'ಇಷ್ಟು ಟಾರ್ಕ್ ಬೇಕು' ಅಂತ ತಿಳ್ಕೊಂಡು, ಅಷ್ಟು ಟಾರ್ಕಿಗೆ ಎಷ್ಟು ಗಾಳಿ, ಎಷ್ಟು ಟೈಮಿಂಗು ಅಂತ ತಾನೇ ಲೆಕ್ಕ ಹಾಕುತ್ತೆ. ಒಂದು ಟೇಬಲ್ ಬದಲಾಯಿಸಿದ್ರೆ ಅದನ್ನ ನಂಬಿಕೊಂಡಿರೋ ಹತ್ತು ಟೇಬಲ್ ಇರ್ತವೆ. ನಿನಗೆ ಮಾಡಿಸಲೇಬೇಕು ಅಂತಿದ್ರೆ, ಇದೇ ಕಾರನ್ನ, ಇದೇ ಪೆಟ್ರೋಲ್ ಹಾಕಿ, ಡೈನೊ ಮೇಲೆ ಓಡಿಸಿ, ಲಾಗ್ ನೋಡಿ ಬರೆಯೋರ ಹತ್ತಿರ ಹೋಗು. ಬೇಡ ಅನ್ನಲ್ಲ. ಇವತ್ತು ಈ ಬೆಂಚಿನ ಮೇಲೆ ಬರೆಯೋದು ಅದರದ್ದೇ ಫೈಲು.

— ...ಸರಿ ಅಕ್ಕ. ಅದರದ್ದೇ ಬರೀರಿ.

— ಅಳಿಸೋಕೆ ಶುರು ಆಯ್ತು. ಈಗ ಪೂರ್ತಿ ಸುಣ್ಣ. ಇನ್ನು ಕೆಲವು ನಿಮಿಷ ಈ ಬೆಂಚಿನ ಹತ್ತಿರ ಯಾವ ಸ್ವಿಚ್ಚೂ ಮುಟ್ಟೋಹಾಗಿಲ್ಲ.

— ಹೊಸ ಕಾರುಗಳಲ್ಲೂ ಹೀಗೇ ಮಾಡಬಹುದಾ? ನನ್ನ ಗೆಳೆಯನ ಹತ್ತಿರ ಒಂದು ಡೀಸೆಲ್ ಇದೆ.

— ಇಡಿಸಿ17 ಇರಬೇಕು. ಅದರಲ್ಲಿ ಪ್ರೊಸೆಸರು ಟ್ರೈಕೋರ್, ಇನ್ಫಿನಿಯನ್‌ದು. ಫ್ಲ್ಯಾಶು ಸಾಮಾನ್ಯವಾಗಿ ಹೊರಗಿರಲ್ಲ, ಪ್ರೊಸೆಸರಿನ ಹೊಟ್ಟೆಯೊಳಗೇ. ಒಂದು ವಿಷಯದಲ್ಲಿ ಅವು ಇದಕ್ಕಿಂತ ಒಳ್ಳೆಯವು. ಬರೆಯೋ ಕ್ರಮಾನೇ ಗಟ್ಟಿ: ಮೊದಲು ಪ್ರೋಗ್ರಾಮಿಂಗ್ ಸೆಷನ್ ಕೇಳ್ಬೇಕು, ಅದು ಒಂದು ಅಂಕಿ ಕೊಡುತ್ತೆ, ಆ ಅಂಕಿಗೆ ಸರಿಯಾದ ಉತ್ತರ ಕೊಟ್ರೆ ಬೀಗ ತೆಗೆಯುತ್ತೆ, ಆಮೇಲೆ ಅಳಿಸೋದು, ಕಂತು ಕಂತಾಗಿ ಕಳಿಸೋದು, ಕೊನೆಗೆ ಎಲ್ಲಾ ಸರಿ ಬಂತಾ ಅಂತ ಲೆಕ್ಕ ಹೊಂದಿಸೋದು. ಲೆಕ್ಕ ಹೊಂದದಿದ್ರೆ 'ಸರಿ ಇದೆ' ಅನ್ನೋ ಗುರುತು ಬೀಳಲ್ಲ. ಬರೆಯೋ ಕೆಲಸ ಮಾಡಿಸೋ ಬೂಟ್‌ಲೋಡರ್ ಬೇರೆ ಜಾಗದಲ್ಲಿರುತ್ತೆ, ಅದನ್ನ ಮಾಮೂಲಿಗೆ ಮುಟ್ಟೋದೇ ಇಲ್ಲ. ಮಧ್ಯದಲ್ಲಿ ನಿಂತ್ರೂ, ಮುಂದಿನ ಸಲ ಕೀ ಹಾಕಿದಾಗ ಬೂಟ್‌ಲೋಡರ್ ಎದ್ದು, ಗುರುತು ಇಲ್ಲ ಅಂತ ನೋಡಿ, ಅಲ್ಲೇ ಕಾಯ್ತಾ ಕೂರುತ್ತೆ. ಓಬಿಡಿ ಪ್ಲಗ್ಗಿನಿಂದಲೇ ಮತ್ತೆ ಬರೀಬಹುದು. ಎಷ್ಟೋ ಜನ ಅದು ಗೊತ್ತಿಲ್ಲದೆ ಹೆದರಿ ಬೇರೆ ಇಸಿಎಂಗೆ ದುಡ್ಡು ಸುರೀತಾರೆ.

— ಹಾಗಾದ್ರೆ ಹೊಸದೇ ಒಳ್ಳೇದಲ್ವಾ?

— ಮುಂಬಾಗಿಲು ಒಳ್ಳೇದು. ಹಿಂಬಾಗಿಲಿಗೆ ಬೀಗ. ಪಾಸ್‌ವರ್ಡು, ಡಿಜಿಟಲ್ ಸಹಿ. ಬೂಟ್‌ಲೋಡರೇ ಹೋದ್ರೆ ಈ 24ನೇ ಕಾಲಿನ ಹಾಗೆ ಸೂಜಿ ಇಟ್ಟು ಕೂಗೋಕೆ ಹೋದ್ರೂ, ಪಾಸ್‌ವರ್ಡ್ ಕೇಳುತ್ತೆ. ಇನ್ನೂ ಹೊಸದರಲ್ಲಿ ಅದೂ ಕಷ್ಟ.

— ಅದು ಅನ್ಯಾಯ. ದುಡ್ಡು ಕೊಟ್ಟು ತಗೊಂಡದ್ದು ನಾವು.

— ಅರ್ಧ ಒಪ್ತೀನಿ. ಬೀಗ ಹಾಕೋಕೆ ಕಾರಣ ಇದೆ. ಕೀ ಲೆಕ್ಕವನ್ನ ಕಳ್ಳ ಬದಲಾಯಿಸಬಾರ್ದು. ಹೊಗೆಯ ಲೆಕ್ಕವನ್ನ ಯಾರೂ ಬದಲಾಯಿಸಬಾರ್ದು; ಪರೀಕ್ಷೆಯಲ್ಲಿ ಒಂದು ಥರ, ರಸ್ತೆಯಲ್ಲಿ ಇನ್ನೊಂದು ಥರ ನಡೆಯೋ ಸಾಫ್ಟ್‌ವೇರನ್ನ ಕಾರು ಕಂಪನಿಯೇ ಹಾಕಿತ್ತು ಅಂತ 2015ರಲ್ಲಿ ಹೊರಗೆ ಬಂತಲ್ಲ, ಅದಾದ್ಮೇಲೆ ಎಲ್ಲರ ಕಣ್ಣೂ ಇಲ್ಲಿದೆ. ನಮ್ಮಲ್ಲೂ 2020ರಿಂದ ಬಿಎಸ್ 6 ಹೊಗೆ ನಿಯಮ. ಇದೆಲ್ಲ ಸರಿ. ನನ್ನ ದುಃಖ ಬೇರೆ. ಬದಲಾಯಿಸೋರನ್ನ ತಡೆಯೋ ಬೀಗವೇ, ಇದ್ದದ್ದನ್ನ ಇದ್ದ ಹಾಗೇ ವಾಪಸ್ ಇಡೋರನ್ನೂ ತಡೀತಿದೆ. ಒಳ್ಳೆ ಬೋರ್ಡುಗಳು, ಒಂದು ರೆಸಿಸ್ಟರೂ ಕೆಡದವು, ಗುಜರಿಗೆ ಹೋಗ್ತಿವೆ. ಆ ಕೆಳಗಿನ ಡಬ್ಬದಲ್ಲಿ ಅಂಥವು ಹದಿನಾಲ್ಕು ಇಟ್ಟಿದೀನಿ. ಎಸೆಯೋಕೆ ಮನಸ್ಸಾಗ್ತಿಲ್ಲ.

— ಮುಗೀತು ಅಂತ ತೋರಿಸ್ತಿದೆ.

— ಬರೆದದ್ದು ಮುಗೀತು. ನಂಬೋದು ಇನ್ನೂ ಇದೆ. ವಾಪಸ್ ಓದಿ, ನಿನ್ನ ಪೆನ್‌ಡ್ರೈವಿನ ಫೈಲಿನ ಪಕ್ಕ ಇಟ್ಟು ಬೈಟಿಗೆ ಬೈಟು ಹೋಲಿಸ್ತೀನಿ... ಒಂದೂ ವ್ಯತ್ಯಾಸ ಇಲ್ಲ. ಚೆಕ್‌ಸಮ್ಮೂ ಸರಿ. ಸಪ್ಲೈ ಆಫ್ ಮಾಡು. ಈಗ ಸೂಜಿ ಇಲ್ಲದೆ ಆನ್ ಮಾಡು, ಎಲ್ಲರ ಹಾಗೆ ಮಾಮೂಲಿಯಾಗಿ ಏಳಲಿ. ಕೆ ಲೈನಲ್ಲಿ ಕೂಗ್ತೀನಿ.

— ...ಅದರ ನಂಬರು ಬಂತು! 06ಎ 906 032!

— ತನ್ನ ಹೆಸರು ತಾನೇ ಹೇಳ್ತಿದೆ. ಅಂಟು ಹಾಕ್ತೀನಿ, ಒಣಗೋವರೆಗೆ ಕೆಳಗೆ ಹೋಗಿ ಕಾಫಿ ಕುಡಿದು ಬಾ. ಕಾರಿಗೆ ಕೂರಿಸೋ ಮುಂಚೆ ಆ ಎಲೆ ತೆಗಿ, ತೂತು ಬಿಡಿಸು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡು. ಆಮೇಲೆ ಫೋನ್ ಹಚ್ಚು, ಕೀ ಹಾಕೋವಾಗ ನಾನು ಲೈನಲ್ಲಿ ಇರ್ತೀನಿ.

(ಅದೇ ರಾತ್ರಿ ಎಂಟೂಕಾಲು. ಫೋನಿನಲ್ಲಿ.)

— ಅಕ್ಕ, ಬೇಸ್‌ಮೆಂಟಲ್ಲಿದೀನಿ. ಬ್ಯಾಟರಿ 12.7. ಸ್ಟೀರಿಯೊ ಪ್ಲಗ್ ಕಿತ್ತಿದೀನಿ.

— ಬಾಗಿಲು ಹಾಕ್ಕೋ. ಕೀ ಆನ್ ಮಾಡು. ಸೆಲ್ಫ್ ಹೊಡೀಬೇಡ.

— ಆನ್. ಅಕ್ಕ... ಪಂಪಿನ ಸದ್ದು ಬಂತು.

— ಹಾಗೇ ಬಿಡು. ಪೆಡಲ್ ಮುಟ್ಟಬೇಡ. ಅರ್ಧ ನಿಮಿಷ. ಥ್ರಾಟಲ್ಲು ಪೂರ್ತಿ ಮುಚ್ಚಿದ್ರೆ ಎಲ್ಲಿ ನಿಲ್ಲುತ್ತೆ ಅಂತ ತಾನೇ ಹುಡುಕ್ಕೊಳ್ಳುತ್ತೆ.

— ಬಾನೆಟ್ ಕೆಳಗಿಂದ ಏನೋ ಕಟಕಟ ಅಂತಿದೆ.

— ಅದೇ ಅದು. ನಿಲ್ಲೋವರೆಗೆ ಕಾಯಿ.

— ಸದ್ದು ನಿಂತಿತು.

— ಈಗ ಹೊಡಿ.